ಕಾಲುವೆ ಏರಿಯ ಮೇಲೆ ಸೈಕಲ್ ಹೋದೀತೇ?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಭಾನುವಾರ ಬಂತೆಂದರೆ ಕಾಲುವೆ ಪಕ್ಕದ ಗರಸು ದಾರಿ ಹಿಡಿದು, ಕಾಡಿನೊಳಗೆ ಹಾದು, ಒಂದು ಕಾರಿನ ಕಾಟವೂ ಇಲ್ಲದೆ ಮೂವತ್ತು ನಲವತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತಾಳಂತೆ. ನಮ್ಮ ಯಜಮಾನರ ಊರು ರಾಯದುರ್ಗ, ನನ್ನ ತವರು ಮಡಕಶಿರಾ ಕಡೆ. ಮುಂದಿನ ಸಲ ಬಂದಾಗ ಅಲ್ಲಿ ಇಂಥ ದಾರಿ ಉಂಟೇ ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ ಎಂದೂ ಹೇಳಬಹುದು, ಇಲ್ಲ ಎಂದೂ ಹೇಳಬಹುದು, ತಾಯಿ. ಬಾಣದ ಗುರುತಿನ ಫಲಕ, ನಡುನಡುವೆ ಬೆಂಚು, ಕೈಗೆ ಕೊಡುವ ನಕ್ಷೆ, ಇವೆಲ್ಲ ಇರುವ ಸೈಕಲ್ ದಾರಿ ರಾಯದುರ್ಗದಲ್ಲೂ ಇಲ್ಲ, ಮಡಕಶಿರಾದಲ್ಲೂ ಇಲ್ಲ. ಆದರೆ ಲಾರಿ ಬಸ್ಸು ಕಾಲಿಡದ ಗರಸು ದಾರಿಗಳಿಗೆ ಆ ಸೀಮೆಯಲ್ಲಿ ಬರವಿಲ್ಲ. ಅವನ್ನು ಯಾರೂ ಸೈಕಲ್ಲಿಗೆಂದು ಮಾಡಿದ್ದಲ್ಲ, ಅಷ್ಟೇ. ಒಂದು ಕಾಲುವೆ ಕಾಯಲು ಮಾಡಿದ್ದು, ಇನ್ನೊಂದು ಹೊಲಕ್ಕೆ ಗೊಬ್ಬರ ಹೊಡೆಯಲು, ಮತ್ತೊಂದು ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು. ಆ ಕೆಲಸಗಳ ವೇಳಾಪಟ್ಟಿ ತಿಳಿದರೆ ದಾರಿ ನಿಮ್ಮದು. ತಿಳಿಯದೆ ಹೋದರೆ ಕೆಸರೋ ಮುಳ್ಳೋ ಕರಡಿಯೋ ಎದುರಾಗುತ್ತದೆ.

ಮೊದಲು ನಿಮ್ಮ ಮಗಳು ತುಳಿಯುವ ದಾರಿಯ ವಿಷಯ. ಇಂಗ್ಲೆಂಡಿನ ಹಳೆಯ ಕಾಲುವೆಗಳು ಗದ್ದೆಗೆ ನೀರು ಹಾಯಿಸಲು ತೋಡಿದವಲ್ಲ. ಕಲ್ಲಿದ್ದಲು, ಇಟ್ಟಿಗೆ, ಪಿಂಗಾಣಿ ತುಂಬಿದ ದೋಣಿಗಳನ್ನು ಅಲ್ಲಿ ಕುದುರೆಗಳು ಎಳೆಯುತ್ತಿದ್ದವು. ಕುದುರೆ ದಂಡೆಯ ಮೇಲೆ, ದೋಣಿ ನೀರಿನ ಮೇಲೆ, ನಡುವೆ ಹಗ್ಗ. ಆ ಕುದುರೆ ನಡೆಯಲು ಮಾಡಿದ ದಾರಿಯೇ ಇಂದು ಸೈಕಲ್ಲಿನ ದಾರಿ. ಫ್ರಾನ್ಸಿನಲ್ಲಿ 1681ರಲ್ಲಿ ತೆರೆದ, ಸುಮಾರು 240 ಕಿಲೋಮೀಟರ್ ಉದ್ದದ ಮಿದಿ ಕಾಲುವೆಯ ದಂಡೆಯ ಕಥೆಯೂ ಇದೇ. ರೈಲು ಬಂತು, ದೋಣಿಗೆ ಕೆಲಸ ಹೋಯಿತು, ದಂಡೆ ಖಾಲಿ ಉಳಿಯಿತು. ಆಮೇಲೂ ಬ್ರಿಟನ್ನಿನಲ್ಲಿ ಬಹುಕಾಲ ಕಾಲುವೆ ದಂಡೆಯ ಮೇಲೆ ಸೈಕಲ್ ಹೊಡೆಯಲು ಪರವಾನಗಿ ಚೀಟಿ ಬೇಕಿತ್ತು. ಇದನ್ನು ಮಗಳಿಗೆ ಹೇಳಿ. ನಮ್ಮಲ್ಲಿ ಕೇಳಿಕೊಂಡು ಹೋಗಬೇಕೆಂದರೆ ಆಗ ಬೇಸರ ಮಾಡಿಕೊಳ್ಳಲಾರಳು.

ರಾಯಲಸೀಮೆಯಲ್ಲೂ ಒಬ್ಬರು ದೋಣಿ ಕಾಲುವೆಯ ಕನಸು ಕಂಡಿದ್ದರು. ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಸಾಹೇಬರಿಗೆ ರೈಲಿಗಿಂತ ಕಾಲುವೆಯೇ ಲೇಸೆಂಬ ಹಟ. 1860ರ ದಶಕದಲ್ಲಿ ಖಾಸಗಿ ಕಂಪನಿಯೊಂದು ತುಂಗಭದ್ರೆಯಿಂದ ಕರ್ನೂಲು–ಕಡಪ ಕಾಲುವೆ ತೋಡಿದ್ದು ನೀರಾವರಿಗೂ ದೋಣಿಗೂ ಎಂದೇ. ಕಂಪನಿಗೆ ಲಾಭ ಹುಟ್ಟಲಿಲ್ಲ. 1882ರಲ್ಲಿ ಸರ್ಕಾರ ಅದನ್ನು ಕೊಂಡಿತು. ಮುಂದೆ ದೋಣಿಗಳೂ ಹೋದವು, ನೀರಾವರಿ ಮಾತ್ರ ಉಳಿಯಿತು.

ನಿಮ್ಮ ಯಜಮಾನರ ಊರಿನ ಕಡೆಯ ಕಾಲುವೆಯಲ್ಲಿ ದೋಣಿಯ ಮಾತೇ ಇರಲಿಲ್ಲ. ಅದು ತುಂಗಭದ್ರಾ ಬಲದಂಡೆಯ ಮೇಲ್ಮಟ್ಟದ ಕಾಲುವೆ. ಊರವರ ಬಾಯಲ್ಲಿ ಎಚ್‌ಎಲ್‌ಸಿ ಅಥವಾ ಬರೀ ಕೆನಾಲ್. ಹೊಸಪೇಟೆಯಲ್ಲಿ ಹೊರಟು, ಬಳ್ಳಾರಿ ಸೀಮೆ ದಾಟಿ, ಸುಮಾರು 105ನೇ ಕಿಲೋಮೀಟರಿನಲ್ಲಿ ಆಂಧ್ರಕ್ಕೆ ಕಾಲಿಡುತ್ತದೆ. ಬೊಮ್ಮನಹಾಳ್, ಕಣೇಕಲ್ಲು, ಉರವಕೊಂಡದ ಕಡೆಯಿಂದ ಸಾಗಿ ಪೆನ್ನೆಯ ಮೇಲಿನ ಮಧ್ಯ ಪೆನ್ನಾರ್ ಜಲಾಶಯ ಸೇರುವ ಹೊತ್ತಿಗೆ ಒಟ್ಟು ಉದ್ದ 196 ಕಿಲೋಮೀಟರ್. ಇದರ ನೀರಿನಲ್ಲಿ ಆಂಧ್ರದ ಪಾಲು 32.5 ಟಿಎಂಸಿ, ಕರ್ನಾಟಕದ್ದು 17.5. ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವೆಂಬುದು ನಿಮಗೆ ಗೊತ್ತಿದ್ದೀತು. ನೆಲ ಪಾಲಾದ ಅದೇ ಆಂಧ್ರ ರಾಜ್ಯ ಕಾಯ್ದೆಯ ಕೆಳಗೇ ನೀರು ಹಂಚಲು ತುಂಗಭದ್ರಾ ಮಂಡಳಿ ಹುಟ್ಟಿತು. ಹಾಗಾಗಿ ಈ ಕಾಲುವೆಗೆ ಗಡಿಯಾಚೆ ಒಬ್ಬ ಯಜಮಾನ, ಈಚೆ ಇನ್ನೊಬ್ಬ. ದಂಡೆಯ ಮೇಲೆ ಹೋಗುವವರಿಗೆ ಇದು ಕಾಣುವುದು ಕಲ್ಲಿನ ಮೇಲಿನ ಅಕ್ಷರ ಕನ್ನಡದಿಂದ ತೆಲುಗಿಗೆ ತಿರುಗಿದಾಗ ಮಾತ್ರ. ಎರಡು ಲಿಪಿಯೂ ಅಕ್ಕತಂಗಿಯರಂತಿರುವುದರಿಂದ ಅದೂ ಚಟ್ಟನೆ ಕಣ್ಣಿಗೆ ಬೀಳುವುದಿಲ್ಲ.

ಕಾಲುವೆಯ ಏರಿಯ ಮೇಲೆ ದಾರಿ ಯಾಕಿದೆ? ಏರಿ ಒಡೆಯುವುದನ್ನು ಕಾಯಲು. ಏಡಿ, ಇಲಿ, ಹೆಗ್ಗಣ ತೋಡಿದ ಸಣ್ಣ ಬಿಲ ರಾತ್ರೋರಾತ್ರಿ ಬೋಂಗಾ ಬಿದ್ದು ಕೆಳಗಿನ ಹತ್ತಾರು ಹೊಲ ಕೊಚ್ಚಿಹೋದೀತು. ಅದಕ್ಕೇ ಮೇಸ್ತ್ರಿ, ಎಂಜಿನಿಯರ್, ಲಷ್ಕರ್ ಓಡಾಡಲು ಗರಸು ಹಾಸಿದ ದಾರಿ. ಲಷ್ಕರ್ ಎಂದರೆ ದಂಡಿನವನಲ್ಲ. ಕಾಲುವೆ ಕಾಯುವ, ತೂಬು ಎತ್ತಿಳಿಸುವ ನೌಕರ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದಂತೆ. ಮೊಪೆಡ್ಡು ಬರುವ ಮುಂಚೆ ಆತ ಈ ದಾರಿಯಲ್ಲಿ ಓಡಾಡಿದ್ದು ಸೈಕಲ್ಲಿನ ಮೇಲೆಯೇ, ಹಿಂದಿನ ಕ್ಯಾರಿಯರಿಗೆ ಸಲಿಕೆ ಕಟ್ಟಿಕೊಂಡು. ಲೆಕ್ಕ ಹಿಡಿದರೆ ನಿಮ್ಮ ಮಗಳು ಹುಡುಕುತ್ತಿರುವ ಗರಸು ಸೈಕಲ್ ದಾರಿಯನ್ನು ಆತ ಅರ್ಧ ಶತಮಾನದ ಹಿಂದೆಯೇ ತುಳಿದು ಮುಗಿಸಿದ್ದಾನೆ. ಸಂಬಳಕ್ಕೆ ತುಳಿದ ಕಾರಣ ಯಾರೂ ಬರೆದಿಡಲಿಲ್ಲ.

ಈ ದಾರಿಯ ದೊಡ್ಡ ಸುಖ ಏರಿಳಿತವಿಲ್ಲದಿರುವುದು. ಕಾಲುವೆ ಕಿಲೋಮೀಟರಿಗೆ ಕೆಲವೇ ಅಂಗುಲ ಇಳಿಯುತ್ತಾ, ನೆಲದ ಮಟ್ಟ ಹಿಡಿದುಕೊಂಡು ಗುಡ್ಡ ಬಂದಲ್ಲಿ ಬಳಸಿ ಹೋಗುತ್ತದೆ. ಅದಕ್ಕೆ ಒಂದೂರಿಂದ ಇನ್ನೊಂದೂರಿಗೆ ಡಾಂಬರು ರಸ್ತೆಯಲ್ಲಿ ಆಗುವುದಕ್ಕಿಂತ ಏರಿಯ ಮೇಲೆ ದೂರ ಹೆಚ್ಚು. ಅವಸರದವರಿಗೆ ಆಗಿಬರುವ ದಾರಿಯಲ್ಲ. ಇನ್ನೊಂದು ನೋಟವಿದೆ. ಇಂಥ ಕಾಲುವೆ ನೀರುಣ್ಣಿಸುವುದು ತನ್ನ ಕೆಳಮಗ್ಗುಲಿಗೆ ಮಾತ್ರ. ಏರಿಯ ಮೇಲೆ ನಿಂತರೆ ಒಂದು ಕೈಗೆ ಭತ್ತ, ಮೆಣಸಿನಕಾಯಿ, ಬೆಳ್ಳಕ್ಕಿ. ಇನ್ನೊಂದು ಕೈಗೆ ಶೇಂಗಾ, ಬಂಡೆ, ಜಾಲಿ. ಎರಡಕ್ಕೂ ನಡುವೆ ಒಂದು ಕಾಲುವೆಯಷ್ಟೇ ಅಗಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಜಿಲ್ಲೆಯಲ್ಲಿ ನೀರೆಂದರೆ ಏನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಕಣೇಕಲ್ಲಿನ ದೊಡ್ಡ ಕೆರೆಗೂ ಈ ಕಾಲುವೆಯ ನೀರೇ. ಬೆಳಿಗ್ಗೆ ಕಾಲುವೆ ಕಡೆಯಿಂದ ಹೊರಟು ಕೆರೆ ಏರಿಯ ಮೇಲೆ ಕೂತು ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದರೆ ಆ ದಿನಕ್ಕೆ ಅಷ್ಟೇ ಸಾಕು ಎನಿಸುತ್ತದೆ.

ಇನ್ನು ಅಪಾಯದ ಮಾತು. ಇಂಗ್ಲೆಂಡಿನ ದೋಣಿ ಕಾಲುವೆಯ ನೀರು ಹೆಚ್ಚುಕಡಿಮೆ ನಿಂತ ನೀರು, ಆಳವೂ ಕಡಿಮೆ. ನಮ್ಮದು ಓಡುವ ನೀರು. ಕಲ್ಲು ಕಾಂಕ್ರೀಟು ಹಾಸಿದ ಇಳಿಜಾರು ಮಗ್ಗುಲು ಪಾಚಿ ಕಟ್ಟಿರುತ್ತದೆ. ಒಮ್ಮೆ ಜಾರಿದರೆ ಈಜು ಬಲ್ಲವನಿಗೂ ಹಿಡಿಯಲು ಏನೂ ಸಿಗುವುದಿಲ್ಲ. ತಡೆಗೋಡೆ ಇರುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರದ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ಸೈಕಲ್ಲನ್ನು ನೀರಿನಂಚಿನಿಂದ ದೂರ, ಹೊಲದ ಕಡೆಯ ಗಾಲಿಜಾಡಿನಲ್ಲಿ ಇಟ್ಟುಕೊಳ್ಳಬೇಕು. ಕಾಲುವೆ ಹಗರಿ ನದಿಯನ್ನು ಮೇಲ್ಗಾಲುವೆಯಲ್ಲಿ ದಾಟುತ್ತದೆ. ಕೆಳಗೆ ಮರಳಿನ ನದಿ, ಮೇಲೆ ನೀರಿನ ನದಿ. ನೋಡಲು ಚೆಂದ. ಆದರೆ ಲಷ್ಕರನ್ನು ಕೇಳದೆ ಅದರ ಮೇಲೆ ಸೈಕಲ್ ಹತ್ತಿಸಬಾರದು.

ಹಗರಿಯ ಹೆಸರು ಬಂತು. ರಾಯದುರ್ಗದ ದಕ್ಷಿಣಕ್ಕೆ ಅದೇ ನದಿಗೆ ವೇದಾವತಿ ಎಂದು ಹೆಸರು. ಗುಮ್ಮಗಟ್ಟ ಮಂಡಲದಲ್ಲಿ ಅದಕ್ಕೆ ಕಟ್ಟಿದ ಭೈರವಾನತಿಪ್ಪ ಅಣೆಕಟ್ಟೆಯಿಂದಲೂ ಕಾಲುವೆಗಳು ಹೊರಡುತ್ತವೆ. ಆದರೆ ಮೇಲುಗಡೆ ಮೈಸೂರು ಸಂಸ್ಥಾನ 1907ರಲ್ಲೇ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿತ್ತು. ಆ ಕೆರೆ ಕೋಡಿ ಬಿದ್ದದ್ದು 1933ರಲ್ಲಿ ಒಮ್ಮೆ, ಆಮೇಲೆ 89 ವರ್ಷ ಕಾದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. ಮೇಲಿನವನ ಮನೆಯಲ್ಲಿ ಊಟ ಮಿಕ್ಕರೆ ಕೆಳಗಿನವನಿಗೆ. ಹಾಗಾಗಿ ಭೈರವಾನತಿಪ್ಪದ ಕಾಲುವೆಗಳು ಬಹುಪಾಲು ವರ್ಷ ಒಣಗಿರುತ್ತವೆ. ರೈತನಿಗೆ ದುಃಖದ ಸಂಗತಿ, ಸೈಕಲ್ಲಿನವರಿಗೆ ಅನುಕೂಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಮುಳುಗುವ ಭಯವಿಲ್ಲದೆ ಕಾಲುವೆ ಪಕ್ಕ ಹೋಗಬೇಕೆಂದರೆ ಈ ಕಡೆ ಬನ್ನಿ.

ಅದೇ ಹಗರಿ ಉತ್ತರಕ್ಕೆ ಹೋಗಿ ಕಣೇಕಲ್ಲು, ಬೊಮ್ಮನಹಾಳ್ ಕಡೆ ಮಾಡಿದ ಕೆಲಸ ಬೇರೆ. ಬೇಸಿಗೆ ಕಳೆದ ಮೇಲೆ ಬೀಸುವ ನೈಋತ್ಯದ ಗಾಳಿ ಒಣ ನದಿಯ ಮರಳನ್ನು ಎತ್ತಿ ದಂಡೆಯ ಹೊಲಗಳ ಮೇಲೆ ಸುರಿದೂ ಸುರಿದೂ ಅಲ್ಲಿ ಮರಳು ದಿಬ್ಬಗಳೇ ಎದ್ದಿವೆ. ರಾಜಸ್ಥಾನದ ಚಿತ್ರವೆಂದು ತೋರಿಸಿದರೆ ನಂಬಬೇಕು, ಹಾಗಿದೆ. ಅಲ್ಲಿ ಎಂಥ ಸೈಕಲ್ಲೂ ಹೂತುಕೊಳ್ಳುತ್ತದೆ, ಇಳಿದು ತಳ್ಳುವುದೇ. ಅದೇ ಗಾಳಿಗಾಗಿ ಈಚಿನ ವರ್ಷಗಳಲ್ಲಿ ರಾಯದುರ್ಗ, ಕಲ್ಯಾಣದುರ್ಗ, ಉರವಕೊಂಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು. ಅವುಗಳ ಉದ್ದುದ್ದ ರೆಕ್ಕೆ ಸಾಗಿಸಲು ಕಡಿದ ಅಗಲವಾದ ಗರಸು ರಸ್ತೆಗಳು ಈಗ ಹೆಚ್ಚು ಹೊತ್ತು ಖಾಲಿ ಬಿದ್ದಿರುತ್ತವೆ. ಏರು ಕಠಿಣ, ನೋಟ ಧಾರಾಳ. ಕಂಪನಿಯ ಕಾವಲುಗಾರನಿಗೆ ಒಂದು ಮಾತು ಹೇಳಿ ಹೋಗಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮಕ್ಕೆ ಮುಖ ಮಾಡಿ ಸೈಕಲ್ ಹೊಡೆದರೆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಪೂರ್ವಕ್ಕೆ ಹೊರಟವರು ತಮ್ಮ ಕಾಲಿಗೆ ಎಂಥ ಶಕ್ತಿ ಬಂದಿದೆ ಎಂದು ಬೀಗುತ್ತಾರೆ, ವಾಪಸು ತಿರುಗುವವರೆಗೆ.

ಮಣ್ಣಿನ ಮಾತು ಆಡದೆ ಮುಂದೆ ಹೋದರೆ ತಪ್ಪಾಗುತ್ತದೆ. ಕಣೇಕಲ್ಲಿನಿಂದ ಬಳ್ಳಾರಿಯ ಕಡೆಗೆ ಎರೆ ಭೂಮಿ. ಒಣಗಿದಾಗ ಅದರ ಮೇಲಿನ ಬಂಡಿಜಾಡು ಸಿಮೆಂಟಿನಂತೆ. ಒಂದು ಮಳೆ ಬಿತ್ತೋ, ಮುಗಿಯಿತು. ಒಮ್ಮೆ ಮಳೆಯ ಮರುದಿನ, ಏರಿ ಬಿಟ್ಟು ಹೊಲದ ದಾರಿಯಲ್ಲಿ ಅಡ್ಡ ಹಾಯ್ದೇನೆಂದು ಇಳಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಕಚ್ಚಿ ಸೈಕಲ್ ಕಲ್ಲಾಯಿತು. ಹೆಗಲಿಗೆ ಹಾಕಿಕೊಂಡು ಹೊರಟೆ. ಚಪ್ಪಲಿಗೂ ಅಷ್ಟೇ ಮಣ್ಣು. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಬೀಡಿ ತೆಗೆದು ಕೇಳಿದರು: “ಮಳಿ ಆದ ಮ್ಯಾಲೆ ಎರಿಯಾಗ ಎತ್ತೂ ಇಳಿಯಂಗಿಲ್ಲ, ನೀ ಯಾಕ ಇಳಿದ್ಯೋ ತಮ್ಮಾ?” ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮಡಕಶಿರಾದ್ದು ಬೇರೆಯೇ ಲೋಕ. ರಾಯದುರ್ಗದಿಂದ ನೂರು ಕಿಲೋಮೀಟರಿಗೂ ಆಚೆ. 2022ರ ಏಪ್ರಿಲ್ 4ರಿಂದ ಜಿಲ್ಲೆಯೂ ಬೇರೆ. ರಾಯದುರ್ಗ ಅನಂತಪುರದಲ್ಲೇ ಉಳಿಯಿತು, ನಿಮ್ಮ ತವರು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಲ್ಲಿ ಕೆಮ್ಮಣ್ಣು, ಬಂಡೆಗುಡ್ಡ, ಗುಡ್ಡದ ಬುಡಕ್ಕೊಂದು ಕೆರೆ. ಕೆಮ್ಮಣ್ಣು ಗರಸಿನ ಮೇಲೆ ಮಳೆ ಬಿದ್ದರೂ ಮರುದಿನ ಸೈಕಲ್ ಹೋಗುತ್ತದೆ. ಹಂದ್ರಿ–ನೀವಾ ಯೋಜನೆಯ ಮಡಕಶಿರಾ ಶಾಖಾ ಕಾಲುವೆ ಈ ಸೀಮೆಗೆ ಶ್ರೀಶೈಲದ ಕೃಷ್ಣೆಯ ನೀರು ತರಲೆಂದು ತೋಡಿದ್ದು. ಅದರ ದಂಡೆಯ ಮೇಲೆ ಕೆಲಸ ನಡೆಯುತ್ತಿದ್ದರೆ ಟಿಪ್ಪರುಗಳ ಧೂಳು. ಆಗ ಸಂಚಾರವಿಲ್ಲದ ದಾರಿ ಎನ್ನುವುದು ತಮಾಷೆಯ ಮಾತು. ನನ್ನನ್ನು ಕೇಳಿದರೆ ಇಲ್ಲಿ ಕಾಲುವೆ ಬಿಟ್ಟು ಕೆರೆ ಏರಿಗಳನ್ನು ಪೋಣಿಸಿಕೊಂಡು ಹೋಗಬೇಕು. ಒಂದು ಏರಿಯಿಂದ ಇಳಿದು, ತೋಟಗಳ ನಡುವಿನ ಬಂಡಿದಾರಿ ಹಿಡಿದು, ಇನ್ನೊಂದು ಏರಿ ಹತ್ತುವುದು. ಅಮರಾಪುರ, ಅಗಳಿ ಕಡೆಯ ಅಡಿಕೆ ತೋಟಗಳ ನೆರಳಿಗೆ ಬಂದಾಗ ಇದು ಅನಂತಪುರದ ಸೀಮೆಯೇ ಎಂದು ಅನುಮಾನ ಬರುತ್ತದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಸೈಕಲ್ಲು ಎದುರಾದರೆ ದಾರಿ ಬಿಡಬೇಕಾದವರು ನೀವು.

ಈ ದಾರಿಗೆ ಗುರಿಯೊಂದು ಬೇಕಾದರೆ ಹೇಮಾವತಿ. ಅಮರಾಪುರ ಮಂಡಲದ ಈ ಹಳ್ಳಿಯೇ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ; ನೊಳಂಬವಾಡಿ 32,000 ಎಂಬ ನಾಡನ್ನು ಆಳಿದ ಊರು. ಸಿದ್ಧೇಶ್ವರನ ಗುಡಿ, ದೊಡ್ಡಪ್ಪನ ಗುಡಿ, ಕಪ್ಪು ಕಲ್ಲಿನ ಜಾಲಂಧ್ರಗಳು, ಕನ್ನಡ ಶಾಸನಗಳು. ಚೋಳರು ಇಲ್ಲಿಯ ಕಂಬಗಳನ್ನು ಕಿತ್ತು ಕಾವೇರಿ ತೀರದ ತಿರುವೈಯಾರಿಗೆ ಒಯ್ದರು. ಅಲ್ಲಿಯ ಗುಡಿಯಲ್ಲಿ ನೊಳಂಬರ ಕುಸುರಿಯ ಆ ಕಂಬಗಳು ಇಂದಿಗೂ ನಿಂತಿವೆ. ಅಷ್ಟು ಭಾರ ಅಷ್ಟು ದೂರ ಯಾವ ದಾರಿಯಲ್ಲಿ ಹೋಯಿತೋ. ನಾವು ಎರಡು ಬಾಟಲಿ ನೀರಿಗೇ ಏದುಸಿರು ಬಿಡುತ್ತೇವೆ.

ಕಾಡಿನ ವಿಷಯ. ಮಗಳ ಮನಸ್ಸಿನಲ್ಲಿರುವುದು ಓಕ್ ಮರಗಳ ನೆರಳು. ಇಲ್ಲಿರುವುದು ಕುರುಚಲು ಕಾಡು: ಕಮರ, ತುಗ್ಗಲಿ, ಕಾರೆ, ಎಲ್ಲದರ ಮೇಲೆ ಸವಾರಿ ಮಾಡುವ ಬಳ್ಳಾರಿ ಜಾಲಿ. ನವಿಲು ಕೌಜುಗ ಧಾರಾಳ. ಚಿರತೆ ಇದೆ. ಕರಡಿಯಂತೂ ಮಡಕಶಿರಾ, ರಾಯದುರ್ಗ ಎರಡು ಕಡೆಯೂ ಇದೆ. ಬಂಡೆಗವಿಯಲ್ಲಿ ಹಗಲು ಮಲಗಿ ಸಂಜೆ ಹಣ್ಣು, ಗೆದ್ದಲು ಹುಡುಕುತ್ತಾ ತೋಟದವರೆಗೆ ಇಳಿಯುತ್ತದೆ. ಕರಡಿಗೆ ಕಿವಿ, ಕಣ್ಣು ಎರಡೂ ಮಂದ. ಸದ್ದಿಲ್ಲದೆ ಬರುವ ಸೈಕಲ್ಲು ಅದಕ್ಕೆ ತೀರ ಹತ್ತಿರವಾದ ಮೇಲೆ ತಿಳಿಯುತ್ತದೆ, ಬೆದರಿ ಮೈಮೇಲೆ ಬೀಳುತ್ತದೆ. ಆದ್ದರಿಂದ ಗುಡ್ಡದ ಬುಡದಲ್ಲಿ ಬೆಳಗಿನ ಮಬ್ಬಿನಲ್ಲೂ ಸಂಜೆಗತ್ತಲಲ್ಲೂ ಹೋಗಬಾರದು. ಹೋಗುವಾಗ ಗಂಟೆ ಬಾರಿಸುತ್ತಿರಬೇಕು, ಇಲ್ಲವೇ ಬಾಯಿಬಿಟ್ಟು ಹಾಡಬೇಕು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧವೂ ಹೌದು. ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಬೇಕು. ಅದಾಗದಿದ್ದರೆ ಗಡಿ ದಾಟಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ. 2007ರಲ್ಲಿ ಘೋಷಿಸಿದ ಜಯಮಂಗಲಿ ಕೃಷ್ಣಮೃಗ ಮೀಸಲು 798 ಎಕರೆ ಹುಲ್ಲುಗಾವಲು. ಅದರ ಸುತ್ತಲಿನ ಹಳ್ಳಿದಾರಿಗಳಲ್ಲಿ ಹೋಗುವಾಗಲೇ ಜಿಂಕೆಗಳು ನೆಗೆದು ದಾಟುವುದುಂಟು.

ಒಂದು ಆಸೆಯನ್ನು ಮಾತ್ರ ಈಗಲೇ ಕಡಿದುಬಿಡುತ್ತೇನೆ. ರಾಯದುರ್ಗ–ತುಮಕೂರು ರೈಲುಮಾರ್ಗ, 207 ಕಿಲೋಮೀಟರಿನದು, ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಸಿರಾ ಮುಟ್ಟಿಕೊಂಡು ಹೋಗಬೇಕಾದ್ದು. ನಿಮ್ಮ ಎರಡೂ ಊರನ್ನು ನೇರ ಜೋಡಿಸುವ ರೈಲುದಾರಿ ಅದೊಂದೇ. ಕೆಲಸ ವರ್ಷಗಟ್ಟಲೆ ಎಳೆದು, ಹಳಿ ಬೀಳದ ಮಣ್ಣಿನ ಏರಿ ನೋಡಿದವರಿಗೆಲ್ಲ ಸೈಕಲ್ ಹತ್ತಿಸುವ ಮನಸ್ಸಾಗುತ್ತದೆ. ಅದು ರೈಲ್ವೆಯ ಜಾಗ. ಅತಿಕ್ರಮಕ್ಕೆ ದಂಡವೂ ಉಂಟು, ಜೈಲೂ ಉಂಟು.

ಯಾವಾಗ ಬರಬೇಕು? ಅಕ್ಟೋಬರ್ ಕಡೆಯಿಂದ ಜನವರಿವರೆಗೆ. ಗಾಳಿ ತಗ್ಗಿರುತ್ತದೆ, ಕಾಲುವೆಯಲ್ಲಿ ಸಾಮಾನ್ಯವಾಗಿ ನೀರಿರುತ್ತದೆ, ಬಿಸಿಲು ಸಹಿಸುವಂತಿರುತ್ತದೆ. ಆದರೆ ಕಾಲುವೆಯ ನೀರು ಕ್ಯಾಲೆಂಡರಿಗೆ ಬರುವುದಿಲ್ಲ, ಅಣೆಕಟ್ಟೆಗೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಹಿಡಿದು ಕೂತಿತ್ತು. ಹಾಗಾಗಿ ಹೊರಡುವ ಮುನ್ನ ಊರಿಗೆ ಫೋನು ಮಾಡಿ ಕೇಳಿ. ಬೊಮ್ಮನಹಾಳಿನಲ್ಲಿ “ಕೆನಾಲಿಗೆ ನೀರು ಬಿಟ್ಟಾರೇನಣ್ಣಾ?” ಎಂದರೂ ನಡೆಯುತ್ತದೆ, “ನೀಳ್ಳು ವದಿಲಾರಾ ಅನ್ನಾ?” ಎಂದರೂ ನಡೆಯುತ್ತದೆ.

ಮುಳ್ಳಿನದೇ ಕಡೆಯ ಎಚ್ಚರಿಕೆ. ಜಾಲಿಮುಳ್ಳು ಕಣ್ಣಿಗೆ ಕಾಣುತ್ತದೆ, ನೆಗ್ಗಿಲು ಕಾಣುವುದಿಲ್ಲ. ಹಳದಿ ಹೂವಿನ, ನೆಲಕ್ಕೆ ಹಬ್ಬುವ ಆ ಗಿಡದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಅಮೆರಿಕದ ಸೈಕಲ್ ಸವಾರರು ಶಪಿಸುವುದೂ ಇದೇ ಗಿಡವನ್ನೇ. ಮಗಳು ನಲವತ್ತು ಮಿಲಿಮೀಟರ್ ಅಗಲದ ಟೈರಿನೊಳಗೆ ಪಂಕ್ಚರ್ ಮುಚ್ಚುವ ದ್ರವ ಹಾಕಿಸಿಕೊಂಡು ಬರಲಿ, ಜೊತೆಗೆ ಎರಡು ಟ್ಯೂಬು ತರಲಿ. ರಾಯದುರ್ಗದಲ್ಲಾಗಲಿ ಮಡಕಶಿರಾದಲ್ಲಾಗಲಿ ಪಂಕ್ಚರ್ ಅಂಗಡಿಯವರು ತೇಪೆ ಹಾಕುವುದರಲ್ಲಿ ಯಾರಿಗೂ ಕಡಿಮೆಯಲ್ಲ. ಅಲ್ಲಿ ಸಿಗುವ 28 ಇಂಚಿನ ಟ್ಯೂಬು ಆಕೆಯ ಗಾಲಿಗೆ ಅಳತೆಯಲ್ಲಿ ಹೇಗೋ ಹೊಂದಿಕೊಂಡೀತು. ಆದರೆ ವಿಲಾಯಿತಿ ಸೈಕಲ್ಲಿನ ರಿಮ್ಮಿಗೆ ಕೊರೆದಿರುವುದು ಸಣ್ಣ ರಂಧ್ರ, ನಮ್ಮ ಟ್ಯೂಬಿನ ದಪ್ಪ ವಾಲ್ವು ಅದರಲ್ಲಿ ಇಳಿಯುವುದಿಲ್ಲ.